ಹಣೆಯಲ್ಲಿ ಸರ್ಪಸುತ್ತು ಎದ್ದರೆ: ಇಂಗ್ಲೆಂಡಿನಲ್ಲಿ ಯಾರನ್ನು, ಎಷ್ಟು ಬೇಗ ಕಾಣಬೇಕು

ಎದೆ, ಸೊಂಟದ ಸುತ್ತ ಏಳುವ ಸರ್ಪಸುತ್ತಿಗೆ (ಇಂಗ್ಲಿಷಿನಲ್ಲಿ ಶಿಂಗಲ್ಸ್) ಇಂಗ್ಲೆಂಡಿನಲ್ಲಿ ಈಗ ಜಿಪಿಯನ್ನೇ, ಅಂದರೆ ನಿಮ್ಮ ಕುಟುಂಬ ವೈದ್ಯರನ್ನೇ, ಕಾಯಬೇಕಿಲ್ಲ. 2024ರ ಜನವರಿ ಕೊನೆಯಲ್ಲಿ ಶುರುವಾದ ಫಾರ್ಮಸಿ ಫಸ್ಟ್ ಯೋಜನೆಯಡಿ ಫಾರ್ಮಸಿಸ್ಟೇ ನೋಡಿ ಮಾತ್ರೆ ಕೊಡಬಹುದು. ಗುಳ್ಳೆ ಹಣೆ, ರೆಪ್ಪೆ, ಮೂಗಿನ ಮೇಲಿದ್ದರೆ ಮಾತ್ರ ಆ ದಾರಿ ಬೇಡ. ಅದನ್ನು ವೈದ್ಯರು ಅದೇ ದಿನ ನೋಡಬೇಕು.

ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ನರದ ಬುಡದಲ್ಲಿ ಅಡಗಿರುತ್ತದೆ. ಎಷ್ಟೋ ವರ್ಷದ ಮೇಲೆ ಮುಖಕ್ಕೆ ಸ್ಪರ್ಶ ಕೊಡುವ ಟ್ರೈಜೆಮಿನಲ್ ನರದ ಮೇಲಿನ ಕವಲಿನಲ್ಲಿ ಎಚ್ಚೆತ್ತರೆ, ಹಣೆಯ ಒಂದೇ ಪಕ್ಕ ಉರಿದು ಗುಳ್ಳೆ ಏಳುತ್ತದೆ. ಕಣ್ಣಿಗೆ ಹೋಗುವ ಎಳೆಯೇ ಮೂಗಿನ ತುದಿಗೂ ಹೋಗುವುದರಿಂದ, ಅಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ತಗುಲಿರುವ ಸಂಭವ ಹೆಚ್ಚು. ಮೂಗಿನಲ್ಲಿ ಏನೂ ಇಲ್ಲವೆಂದು ಸುಮ್ಮನಿರುವಂತೆಯೂ ಇಲ್ಲ.

ಜಿಪಿ ರಿಸೆಪ್ಷನಿಸ್ಟ್ ಕೇಳಿದಾಗ ಬರೀ 'ಗುಳ್ಳೆ' ಅನ್ನಬೇಡಿ, ಮುಂದಿನ ವಾರಕ್ಕೆ ಹಾಕಿಬಿಟ್ಟಾರು. 'ಕಣ್ಣಿನ ಹತ್ತಿರ ಶಿಂಗಲ್ಸ್, ಇವತ್ತೇ ನೋಡಬೇಕು' ಎನ್ನಿ. ಲೈನ್ ಸಿಗದಿದ್ದರೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ದೃಷ್ಟಿ ಮಸುಕಾದರೆ, ಬೆಳಕು ಸಹಿಸಲಾಗದಿದ್ದರೆ ನೇರ ಎ ಅಂಡ್ ಇ, ಅಂದರೆ ಆಸ್ಪತ್ರೆಯ ತುರ್ತು ವಿಭಾಗ. ಲಂಡನ್ನಿನಲ್ಲಿದ್ದರೆ ಮೂರ್‌ಫೀಲ್ಡ್ಸ್ ಆಸ್ಪತ್ರೆಯಲ್ಲಿ ಕಣ್ಣಿಗೇ ಮೀಸಲಾದ ತುರ್ತು ವಿಭಾಗವಿದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಆಂಟಿವೈರಲ್ (ವೈರಸ್ ತಡೆಯುವ ಔಷಧಿ) ಶುರುವಾಗುವುದು ಉತ್ತಮ. ಆ ಹೊತ್ತು ಮೀರಿದ್ದರೂ ಹೋಗಿ.

ನನಗೆ ಹೆಚ್ಚು ಆತಂಕ ಗುಳ್ಳೆ ಒಣಗಿದ ಮೇಲಿನ ದಿನಗಳದ್ದು. ಕಾಯಿಲೆ ಹೋಯಿತೆಂದು ಮನೆಯವರು ನಿರಾಳವಾಗುವ ಹೊತ್ತಿಗೆ ನರದ ತೊಂದರೆ ತಲೆಯೆತ್ತಬಹುದು. ಕಣ್ಣು ಹೊರಳಿಸುವ ನರ ಸೋತು ಒಂದು ವಸ್ತು ಎರಡಾಗಿ ಕಾಣಬಹುದು, ರೆಪ್ಪೆ ಜೋತುಬೀಳಬಹುದು. ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ) ಸ್ಪರ್ಶವೇ ಹೋದರೆ ಹುಣ್ಣಾದರೂ ನೋವು ತಿಳಿಯದು. ಆದ್ದರಿಂದ ನೋವಿಲ್ಲವೆಂದು ಕಣ್ಣಿನ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಬಿಡಬೇಡಿ. ವೈರಸ್ ಮೆದುಳಿನ ರಕ್ತನಾಳಕ್ಕೆ ತಗುಲಿ ವಾರಗಳ, ತಿಂಗಳುಗಳ ನಂತರ ಸ್ಟ್ರೋಕ್ ಆಗುವುದೂ ಉಂಟು. ಅಪರೂಪ, ನಿಜ. ಆದರೂ ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಅಥವಾ ಜ್ವರ, ತಲೆನೋವಿನ ಜೊತೆ ಗೊಂದಲದ ಮಾತು ಬಂದರೆ ತಕ್ಷಣ ಆಂಬ್ಯುಲೆನ್ಸಿಗೆ 999; ಇತ್ತೀಚೆಗೆ ಕಣ್ಣಿನ ಬಳಿ ಶಿಂಗಲ್ಸ್ ಆಗಿತ್ತೆಂದು ಮರೆಯದೆ ಹೇಳಿ.

ಮೂರು ತಿಂಗಳಾದರೂ ಹಣೆ ಉರಿಯುತ್ತಿದ್ದರೆ ಅದು ನರದ ನೋವು. ನಮ್ಮ ಹಿರಿಯರು ಹಲ್ಲುಕಚ್ಚಿ ಸಹಿಸುತ್ತಾರೆ, ಬಿಡಬೇಡಿ. ಪ್ಯಾರಾಸಿಟಮಾಲ್‌ಗೆ ಬಗ್ಗದ ಈ ನೋವಿಗೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥ ಬೇರೆ ಔಷಧಿಗಳಿವೆ, ಜಿಪಿಯೇ ಬರೆಯುತ್ತಾರೆ. ಇಂಗ್ಲಿಷ್ ಬಾರದವರಿಗೆ ಎನ್‌ಎಚ್‌ಎಸ್ ಉಚಿತವಾಗಿ ದುಭಾಷಿಯನ್ನು ಒದಗಿಸುತ್ತದೆ, ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕೇಳಿ.

ಸಂದರ್ಶಕ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೂ ಎ ಅಂಡ್ ಇ ಚಿಕಿತ್ಸೆ ಉಚಿತ. ವಾರ್ಡಿಗೆ ದಾಖಲಾದರೆ ಅಥವಾ ಮುಂದಿನ ಕ್ಲಿನಿಕ್ ಭೇಟಿಗಳಿಗೆ ಸಾಮಾನ್ಯವಾಗಿ ಬಿಲ್ ಬರುತ್ತದೆ, ಅದಕ್ಕೆ ವಿಮೆ ಬೇಕು. ಇಲ್ಲೇ ನೆಲೆಸಿದವರಿಗೆ 65 ತುಂಬಿದಾಗ, ಹಾಗೆಯೇ 70ರಿಂದ 79ರವರೆಗೆ ಶಿಂಗಲ್ಸ್ ಲಸಿಕೆ ಉಚಿತ. ಎರಡು ಡೋಸ್. ಕರೆ ಬಂದಿಲ್ಲದಿದ್ದರೆ ಜಿಪಿಗೆ ನೀವೇ ಫೋನ್ ಮಾಡಿ ಕೇಳಿ.