ಹೊಳೆದಂಡೆ ಮರವೂ ಉಪ್ಪು ಜಾಸ್ತಿ ಎಂದ ಗಿರಾಕಿಯೂ

‘ಉಪ್ಪಿನಕಾಯಿಗೂ ಪುರಾಣ ಎಂತಕ್ಕೆ ಮಾರಾಯ್ತಿ?’ ಅಂತ ನಕ್ಕಿದ್ದ ಭಾವ ಈಗ ಸಂಜೆ ಹೊತ್ತು ಕೂತು ಬಾಟಲಿಗೆ ಲೇಬಲ್ ಅಂಟಿಸುತ್ತಾರೆ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸಾಗರದ ಕಡೆಯವಳು ನಾನು. ಅಪ್ಪೆಮಿಡಿ (ಘಮದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ, ಮಾರುವುದೇ ಕಷ್ಟ. ಮೊದಲ ವರ್ಷ ಎಲ್ಲರ ಹಾಗೆ ‘ಶುಚಿ, ರುಚಿ, ಮನೆಯಲ್ಲೇ ಮಾಡಿದ್ದು’ ಅಂತ ಫ್ಲೆಕ್ಸ್ ಹಾಕಿಸಿದೆ. ರೀಲ್ಸ್ ಮಾಡುವ ಒಬ್ಬರಿಗೆ 12 ಸಾವಿರ ಕೊಟ್ಟೆ, ಜತೆಗೆ ಎರಡು ಕೇಜಿ ಉಪ್ಪಿನಕಾಯಿ ಪುಕ್ಕಟೆ. ಲೈಕು ಸಾವಿರಗಟ್ಟಲೆ, ಆರ್ಡರು ಒಂಬತ್ತೋ ಹತ್ತೋ. ಅದರಲ್ಲೂ ಎರಡು ಬಾಟಲಿ ದಾರಿಯಲ್ಲೇ ಒಡೆದು ದುಡ್ಡು ವಾಪಸ್.

ಎರಡನೇ ವರ್ಷದ್ದು ಇನ್ನೂ ದೊಡ್ಡ ಪೆದ್ದುತನ. ಐದು ಸ್ಟಾರ್ ಕೊಟ್ಟರೆ ಮುಂದಿನ ಬಾಟಲಿಗೆ 50 ರೂಪಾಯಿ ಕಡಿಮೆ ಎಂದೆ. ಮೂವತ್ತು ಚಿಲ್ಲರೆ ರಿವ್ಯೂ ಬಂತು. ಎಲ್ಲದರಲ್ಲೂ ಒಂದೇ ಮಾತು, ‘ಸೂಪರ್’. ಓದಿ ಒಬ್ಬರೂ ಕೊಳ್ಳಲಿಲ್ಲ. ಹಾಗೆ ಆಸೆ ತೋರಿಸಿ ಬರೆಸುವುದು ಗೂಗಲ್ ನಿಯಮಕ್ಕೇ ವಿರುದ್ಧ ಅಂತ ಆಮೇಲೆ ತಿಳಿಯಿತು.

ಆ ಮಾರ್ಚ್‌ನಲ್ಲಿ ಹೊಳೆದಂಡೆ ಮಾವಿನ ಮರದ ಕೊಯ್ಲು. ಮರ ಹತ್ತಿದವನು ತೊಟ್ಟು ಮುರಿಯದ ಹಾಗೆ ಕೊಯ್ದು, ಚೀಲವನ್ನು ಹಗ್ಗದಲ್ಲಿ ಇಳಿಸುತ್ತಿದ್ದ. ಸೊನೆ ತಾಗಿ ಅವನ ಮೊಣಕೈ ಸುಟ್ಟಿತ್ತು. ಆ ಕೈಯ ಫೋಟೋ ಅವನನ್ನು ಕೇಳಿಯೇ ತೆಗೆದು, ಸ್ಟೇಟಸ್‌ಗೆ ಹಾಕಿ ಮೂರು ಸಾಲು ಬರೆದೆ: ಯಾವ ಮರ, ಇವತ್ತು ಎಷ್ಟು ಮಿಡಿ, ಪೆಟ್ಟಾಗಿದ್ದಕ್ಕೆ ಎಷ್ಟು ಎಸೆದೆ. ರಾತ್ರಿಯೊಳಗೆ 17 ಬಾಟಲಿ! ಅವತ್ತಿನಿಂದ ‘ರುಚಿಕರ’ ಅನ್ನುವ ಪದವನ್ನೇ ಬಿಟ್ಟೆ. ಎಸೆದ ಲೆಕ್ಕ ಮಾತ್ರ ತಪ್ಪದೆ ಹಾಕುತ್ತೇನೆ. ಜನ ನಂಬುವುದು ಅದನ್ನೇ.

ರಿವ್ಯೂ ಕೇಳುವ ಹೊತ್ತೂ ಬದಲಾಯಿತು. ಪಾರ್ಸಲ್ ಮುಟ್ಟಿದ ದಿನ ಕೇಳಿದರೆ ಪ್ಯಾಕಿಂಗ್ ಬಗ್ಗೆ ಬರೆಯುತ್ತಾರೆ. ಮೂರು ವಾರ ಬಿಟ್ಟು, ಯಾವುದರ ಜತೆ ತಿಂದಿರಿ ಅಂತಷ್ಟೇ ಕೇಳುತ್ತೇನೆ. ಆ ಮೆಸೇಜಿನ ಒಕ್ಕಣೆ ಮಾತ್ರ ಕೇಳಬೇಡಿ, ಹೇಳುವುದಿಲ್ಲ. ‘ಅಮ್ಮ ಹೋದ ಮೇಲೆ ಮೊದಲ ಸಲ ಮೊಸರನ್ನಕ್ಕೆ ಮಿಡಿ ಕಚ್ಚಿದೆ’ ಅಂತ ಬೆಂಗಳೂರಿನಿಂದ ಒಬ್ಬರು ಬರೆದರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಆ ಸಾಲನ್ನು ಲೇಬಲ್ ಮೇಲೇ ಅಚ್ಚು ಹಾಕಿಸಿದೆ.

ಇನ್ನೊಬ್ಬರು ‘ಉಪ್ಪು ವಿಪರೀತ, ದುಡ್ಡು ದಂಡ’ ಎಂದರು. ಅದನ್ನೂ ಹಾಗೇ ಸ್ಟೇಟಸ್‌ಗೆ ಹಾಕಿ, ಉಪ್ಪು ಕಡಿಮೆ ಮಾಡಿದರೆ ಮಿಡಿ ಮೆತ್ತಗಾಗಿ ಹಾಳಾಗುತ್ತದೆ, ಕಡಿಮೆ ಉಪ್ಪು ಬೇಕಾದವರು ದಯವಿಟ್ಟು ಕೊಳ್ಳಬೇಡಿ ಎಂದೆ. ಮನೆಯವರು ಎರಡು ದಿನ ಮಾತು ಬಿಟ್ಟರು. ಆ ವಾರದ ವ್ಯಾಪಾರ ಮಾಮೂಲಿಯ ದುಪ್ಪಟ್ಟಿನ ಹತ್ತಿರ ಹೋಯಿತು.

ನಡುವೆ ಬಾಟಲಿಗೆ ಕ್ಯೂಆರ್ ಕೋಡ್ ಅಂಟಿಸಿ ಕೊಯ್ಲಿನವನ ದನಿ ಕೇಳಿಸುವ ಪ್ರಯೋಗವೂ ಆಯಿತು. ನಾಲ್ಕು ಸಾವಿರ ಖರ್ಚು, ಸ್ಕ್ಯಾನ್ ಮಾಡಿದವರು ಆರು ಜನ, ಅದರಲ್ಲಿ ಇಬ್ಬರು ನಮ್ಮ ಮಕ್ಕಳು.

ಹೋದ ವರ್ಷ ಎಂಟುನೂರರ ಆಸುಪಾಸು ಬಾಟಲಿ ಹೋಯಿತು. ಈ ವರ್ಷ ಹೊಳೆದಂಡೆ ಮರ ಹೂವನ್ನೇ ಬಿಟ್ಟಿಲ್ಲ. ಅದೇ ಮರದ್ದು ಬೇಕು ಅಂತ ನಲವತ್ತು ಜನ ಮುಂಗಡ ಕೊಟ್ಟು ಕೂತಿದ್ದಾರೆ. ‘ಬೇರೆ ಮರದ್ದು ಹಾಕಿ ಅದೇ ಲೇಬಲ್ ಅಂಟಿಸಿದ್ರೆ ಯಾರಿಗೆ ಗೊತ್ತಾಗ್ತು?’ ಎಂದರು ಭಾವ. ನಾನು ಎಲೆಯಷ್ಟೇ ಇರುವ ಮರದ ಫೋಟೋ ಹಾಕಿ, ಮುಂಗಡ ವಾಪಸ್ ಬೇಕಾದವರು ತಿಳಿಸಿ ಎಂದೆ. ಇಲ್ಲಿಯವರೆಗೆ ಕೇಳಿದವರು ಮೂವರು.