ಕರಡಿ ಕಾಟ ನಿಂತಿದ್ದು ಹೀಗೆ

ಮೂರು ವರ್ಷದಿಂದ ನಮ್ಮೂರಲ್ಲಿ ಯಾರ ಮೇಲೂ ಕರಡಿ ಬಿದ್ದಿಲ್ಲ. ನಮ್ಮದು ಚಿತ್ರದುರ್ಗದ ಜೋಗಿಮಟ್ಟಿ ಕಾಡಂಚಿನ ಊರು. ಅದಕ್ಕೂ ಮುಂಚೆ ಎರಡು ವರ್ಷದಲ್ಲಿ ನಾಲ್ಕು ಜನ ಆಸ್ಪತ್ರೆ ಸೇರಿದ್ದರು, ನಮ್ಮ ದೊಡ್ಡಪ್ಪನೂ ಸೇರಿ. "ಕಸ ಬಳಿದರೆ ಕರಡಿ ಹೋಗುತ್ತೇನೋ?" ಎಂದು ಅರಳಿಕಟ್ಟೆ ಮೇಲೆ ಕೂತು ಕೇಳಿದವರೇ ಈಗ ಅವರ ಹೊಲ ನೋಡೋಕೆ ನನ್ನನ್ನು ಕರೆಯುತ್ತಾರೆ.

ಮೊದಲು ಮಾಡಿದ್ದೆಲ್ಲ ದಂಡ. ಪಟಾಕಿಗೇ ಒಂದು ಬೆಳೆಗೆ ಆರೇಳು ಸಾವಿರ ಸುಟ್ಟೆವು. ಒಂದು ರಾತ್ರಿ ಬೆದರಿದ ಕರಡಿ ಶೇಂಗಾ ಹೊಲ ದಾಟಿ ಕಾವಲಿನವರ ಕಡೆಗೇ ನುಗ್ಗಿತು. ಅಟ್ಟಣೆ ಎತ್ತರ ಇದ್ದುದಕ್ಕೆ ಬಚಾವಾದರು. ಅವತ್ತೇ ಪಟಾಕಿ ಬಿಟ್ಟೆವು. ಹೊಲದ ಸುತ್ತ ಹಳೇ ಸೀರೆ ಕಟ್ಟಿದರೆ ಕೆಳಗೇ ನುಸುಳಿತು. ಮಿಣುಕು ದೀಪಕ್ಕೆ ಹತ್ತು ದಿನದಲ್ಲಿ ಹೊಂದಿಕೊಂಡಿತು.

ಒಂದು ಬೆಳಿಗ್ಗೆ ಹೆಜ್ಜೆ ಹಿಡಿದು ಹೋದೆ. ಬದುವಿನ ಮೇಲೆ ಲದ್ದಿ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿದರೆ ಬಾರೆ ಬೀಜ, ಗೆದ್ದಲು ಹುಳದ ತಲೆ, ಜೊತೆಗೆ ಒಂದು ಹಿಡಿ ದಾಳಿಂಬೆ ಬೀಜ. ತೋಟದಲ್ಲಿ ಅಂಗಮಾರಿ ರೋಗ ಬಂದ ದಾಳಿಂಬೆ, ಸೀಳಿದ ಹಣ್ಣು ಎಲ್ಲವನ್ನೂ ನಾವೇ ಕಾಡಂಚಿಗೆ ಸುರಿಯುತ್ತಿದ್ದೆವು. ಊಟಕ್ಕೆ ಕರೆದವರು ನಾವೇ ಅಲ್ವಾ?

ಹದಿನಾಲ್ಕು ಮನೆಯವರು ಎಂಟುನೂರರಂತೆ ಹಾಕಿ ಊರ ಹತ್ತಿರ ಜೆಸಿಬಿಯಲ್ಲಿ ಎರಡು ಗುಂಡಿ ತೆಗೆಸಿದೆವು. ಹಣ್ಣು ಬಿದ್ದ ದಿನವೇ ಸುಣ್ಣ, ಮಣ್ಣು ಮುಚ್ಚಬೇಕು. ಗುಡಿಯ ದೀಪದ ಎಣ್ಣೆಗೂ ಕರಡಿ ಬರುತ್ತಿತ್ತು. "ಕುಡೀಲಿ ಬಿಡಪ್ಪ, ಅದೂ ದೇವರ ಜೀವ" ಎಂದರು ಪೂಜಾರಿ ಅಜ್ಜ. ಬಾಗಿಲು ಎರಡನೇ ಸಲ ಮುರಿದ ಮೇಲೆ ಅವರೇ ಎಣ್ಣೆ ಡಬ್ಬಿ ಮನೆಗೆ ಒಯ್ದರು.

ದೊಡ್ಡ ಖರ್ಚು ಹೊಲದ ದಾರಿಯದ್ದು. ಎರಡೂ ಕಡೆ ಹದಿನೈದು ಅಡಿ ಲಂಟಾನ ಕಡಿಸಲು ಕೂಲಿ ಹದಿನೆಂಟು ಸಾವಿರದ ಹತ್ತಿರ ಆಯ್ತು. ಕರಡಿಗೆ ದೃಷ್ಟಿ ಮಂದ. ಪೊದೆ ಮಗ್ಗುಲಲ್ಲಿ ಗೆದ್ದಲು ಹೀರುತ್ತಾ ಕೂತಿರುತ್ತೆ, ನಾವು ಹತ್ತಿರ ಹೋಗುವವರೆಗೂ ಗೊತ್ತಾಗಲ್ಲ, ಗಾಬರಿಗೆ ಮುಖಕ್ಕೇ ಕೈ ಹಾಕುತ್ತೆ. ಕಾಡಿನೊಳಗಿನ ಬಾರೆ, ಕವಳೆ, ಹುತ್ತ ಮಾತ್ರ ಮುಟ್ಟಲಿಲ್ಲ. ಅದರ ಊಟ ಅಲ್ಲೇ ಇರಲಿ.

ನೀರಿನದ್ದೂ ಒಂದು ಪ್ರಯೋಗ ಮಾಡಿದೆ. ಡ್ರಿಪ್ ಪೈಪು ಕಚ್ಚುತ್ತೆ ಅಂತ ಬೋರ್ ಪಕ್ಕ ಸಿಮೆಂಟ್ ತೊಟ್ಟಿ ಇಟ್ಟೆ. ತಪ್ಪಾಯಿತು, ದಿನಾ ಬರೋಕೆ ಶುರು ಮಾಡಿತು. ತೊಟ್ಟಿಯನ್ನು ಹಳ್ಳದ ಆಚೆ ನಮ್ಮ ಬೀಳು ಜಮೀನಿಗೆ ಸಾಗಿಸಿದ ಮೇಲೆ ಪೈಪು ಉಳಿದವು.

ನಸುಕಲ್ಲಿ ಹೊಲಕ್ಕೆ ಹೋಗುವವರ ಕೋಲಿಗೆ ಕುರಿ ಗಂಟೆ ಕಟ್ಟಿಸಿದ್ದೇನೆ. ಯಾವ ಗಂಟೆ, ಎಲ್ಲಿ ಕಟ್ಟಬೇಕು ಅನ್ನೋದನ್ನು ತೋಟಕ್ಕೆ ಬಂದವರಿಗೇ ತೋರಿಸುತ್ತೇನೆ. ಹೋದ ಚಳಿಗಾಲದಲ್ಲಿ ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿ ಹಳ್ಳ ದಾಟುತ್ತಿತ್ತು. ದೊಡ್ಡಪ್ಪ ದೂರದಿಂದ ಗಂಟೆ ಅಲುಗಿಸಿದರು. ಅದು ಒಮ್ಮೆ ಮೂಗು ಎತ್ತಿ, ಸುಮ್ನೆ ಗುಡ್ಡದ ಕಡೆ ತಿರುಗಿತು.