ಹವಾಮಾನ ಬದಲಾವಣೆಯನ್ನು ಊರವರಿಗೆ ಹೇಳುವ ಬಗೆ: ವಿಜ್ಞಾನಿಗಳಿಗೊಂದು ಕೈಪಿಡಿ

ಮೊದಲ ತೊಡಕು ಹೆಸರಿನಲ್ಲೇ ಇದೆ. ಶಾಲೆಯ ಪಠ್ಯದಲ್ಲಿ ಇವತ್ತಿನ ಮಳೆ-ಬಿಸಿಲಿಗೆ ‘ಹವಾಮಾನ’, ಹತ್ತಾರು ವರ್ಷಗಳ ಸರಾಸರಿಗೆ ‘ವಾಯುಗುಣ’. ಆದರೆ ಪತ್ರಿಕೆಗಳಲ್ಲಿ ‘ಹವಾಮಾನ ಬದಲಾವಣೆ’ಯೇ ರೂಢಿ. ಸಭೆಯಲ್ಲಿ ಯಾರಾದರೂ “ಹವಾಮಾನ ದಿನಾ ಬದಲಾಗುತ್ತಲ್ಲ ಸಾರ್” ಎಂದರೆ ತಪ್ಪು ಅವರದಲ್ಲ. ರೂಢಿಯ ಪದವನ್ನು ತಿದ್ದಲು ಹೋಗಬೇಡಿ, ಸೋಲುತ್ತೀರಿ. “ನಿಮ್ಮ ಅಜ್ಜನ ಕಾಲದ ಮಳೆಗೂ ಈಗಿನ ಮಳೆಗೂ ಇರುವ ವ್ಯತ್ಯಾಸದ ಮಾತಿದು” ಎಂದು ಮೊದಲ ಎರಡು ನಿಮಿಷದಲ್ಲೇ ಹೇಳಿಬಿಡಿ.

ಕೈಕೊಡುವ ಪದಗಳು ಇನ್ನೂ ಇವೆ. ‘ಹಸಿರುಮನೆ ಅನಿಲ’ ಎಂದರೆ ಕೇಳುವವರಿಗೆ ಅದೇನೋ ಒಳ್ಳೆಯದೇ ಅನ್ನಿಸುತ್ತದೆ. ಅದರ ಬದಲು, ಮೋಡ ಕವಿದ ರಾತ್ರಿ ಸೆಕೆ ಯಾಕೆ ಹೆಚ್ಚು ಎಂದು ಕೇಳಿ. ನೆಲದ ಕಾವು ಮೇಲೆ ಹೋಗದಂತೆ ಮೋಡ ತಡೆಯುವುದು ಎಲ್ಲರ ಅನುಭವಕ್ಕೆ ಬಂದದ್ದು. ಇಂಗಾಲದ ಡೈಆಕ್ಸೈಡ್ ಹಗಲೂ ರಾತ್ರಿಯೂ ಇದೇ ಕೆಲಸ ಮಾಡುತ್ತದೆ. ಬಿಸಿಯೇ ಇನ್ನಷ್ಟು ಬಿಸಿ ಹುಟ್ಟಿಸುವುದಕ್ಕಿರುವ ‘ಧನಾತ್ಮಕ ಹಿಮ್ಮಾಹಿತಿ’ ಎಂಬ ಹೆಸರು ಕೂಡ ಶುಭಸುದ್ದಿಯಂತೆ ಕೇಳಿಸುತ್ತದೆ, ‘ಚಕ್ರಬಡ್ಡಿ’ ಅನ್ನಿ. ‘ಮಾದರಿಗಳ ಪ್ರಕಾರ’ ಎನ್ನುವಲ್ಲಿ ‘ಕಂಪ್ಯೂಟರ್ ಲೆಕ್ಕಾಚಾರದ ಪ್ರಕಾರ’ ಸಾಕು.

ಅಂಕಿಗಳನ್ನು ಅಳೆಯಬಹುದಾದ ಪಾತ್ರೆಗೆ ಸುರಿಯಿರಿ. ‘24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚಾದರೆ ಭಾರಿ ಮಳೆ’ ಎಂಬ ಹವಾಮಾನ ಇಲಾಖೆಯ ವರ್ಗೀಕರಣ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. ಒಂದು ಎಕರೆಗೆ ಸುಮಾರು 4,000 ಲೀಟರ್, ಅಂದರೆ ಒಂದು ಸಣ್ಣ ಟ್ಯಾಂಕರ್. 65 ಮಿ.ಮೀ. ಬಿದ್ದರೆ ಎಕರೆಗೆ 65 ಟ್ಯಾಂಕರ್. ಬೆಂಗಳೂರಿನಲ್ಲಾದರೆ 30×40 ಸೈಟಿನ ಲೆಕ್ಕ ಕೊಡಿ: ಅಷ್ಟೇ ಮಳೆಗೆ 7,000 ಲೀಟರ್ ದಾಟುತ್ತದೆ.

‘ಭೂಮಿ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆ’ ಎಂದರೆ ಜನ ನಗುತ್ತಾರೆ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಕಂಡವರಿಗೆ ಅದೊಂದು ಲೆಕ್ಕವೇ? ಹಾಗಾಗಿ ಅಲ್ಲಿಗೇ ನಿಲ್ಲಿಸದೆ ಪರಿಣಾಮವನ್ನೂ ಜೋಡಿಸಿ: ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಬಿಸಿಲಿದ್ದಾಗ ಹೊಲದ ತೇವ ಬೇಗ ಹೀರುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಬರವೂ ನೆರೆಯೂ ಒಂದೇ ಕಾರಣಕ್ಕೆ ಹೆಚ್ಚುವುದು ಹೇಗೆಂದು ಇಷ್ಟರಲ್ಲೇ ತಿಳಿಯುತ್ತದೆ.

ಹಳ್ಳಿಗೆ ಹೋಗುವಾಗ ಒಯ್ಯಬೇಕಾದದ್ದು ಒಂದೇ ಚಿತ್ರ, ಅದೂ ಆ ತಾಲ್ಲೂಕಿನದು. ಜೂನ್, ಜುಲೈ ಎಂದು ಬರೆಯಬೇಡಿ. ಬೇಸಾಯದವರು ಮಳೆ ಎಣಿಸುವುದು ನಕ್ಷತ್ರದಲ್ಲಿ. ದಿನವಹಿ ಮಳೆಯ ದಾಖಲೆ ತೆಗೆದುಕೊಂಡು ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಹೀಗೆ 13-14 ದಿನಗಳ ಕಟ್ಟು ಮಾಡಿ. ಮೃಗಶಿರ ಹುಟ್ಟುವುದು ಜೂನ್ 8ರ ಆಸುಪಾಸು. ಉಳಿದ ತಾರೀಖುಗಳಿಗೆ ಪಂಚಾಂಗ ನೋಡಿ. ಪ್ರತಿ ನಕ್ಷತ್ರಕ್ಕೂ ಅಕ್ಕಪಕ್ಕ ಎರಡು ಕಂಬ ಇರಲಿ: 1961–90ರ ಸರಾಸರಿ, 1991–2020ರ ಸರಾಸರಿ. ಒಟ್ಟು ಮಳೆಗಿಂತ ಮಳೆ ದಿನಗಳ ಸಂಖ್ಯೆ (2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳು) ಹೆಚ್ಚು ಮಾತಾಡುತ್ತದೆ. ಮಳೆಮಾಪಕವನ್ನು ನಡುವೆ ಬೇರೆ ಕಡೆಗೆ ಸ್ಥಳಾಂತರಿಸಿದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಜಾಗದ ವ್ಯತ್ಯಾಸವನ್ನೇ ಕಾಲದ ವ್ಯತ್ಯಾಸವೆಂದು ತೋರಿಸಿ ಬರುತ್ತೀರಿ. ಕಂಬಗಳಲ್ಲಿ ದೊಡ್ಡ ಬದಲಾವಣೆ ಕಾಣದಿದ್ದರೆ ಹಾಗೆಂದೇ ಹೇಳಿ.

ಪ್ರೊಜೆಕ್ಟರ್ ನಂಬಬೇಡಿ. ಸಮುದಾಯ ಭವನದ ಹಗಲು ಬೆಳಕಿನಲ್ಲಿ ಏನೂ ಕಾಣದು, ಕರೆಂಟಿನ ಗ್ಯಾರಂಟಿಯೂ ಇಲ್ಲ. ನಾಲ್ಕಡಿ ಅಗಲದ ಬಟ್ಟೆಯ ಮೇಲೆ ಅಚ್ಚು ಹಾಕಿಸಿ. (ಪ್ಲಾಸ್ಟಿಕ್ ಫ್ಲೆಕ್ಸ್ ತಂದಿರೋ, ಮೊದಲ ಪ್ರಶ್ನೆ ಅದರ ಬಗ್ಗೆಯೇ ಬರುತ್ತದೆ.) ಚಿತ್ರ ತೂಗುಹಾಕಿ ಸುಮ್ಮನಿರಿ, ಹಿರಿಯರು ಮಾತಾಡಲಿ. “ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು” ಎಂಬ ಗಾದೆ ಯಾರ ಬಾಯಲ್ಲಾದರೂ ಬಂದರೆ ಮಘೆಯ ಎರಡು ಕಂಬಗಳ ಮೇಲೆ ಬೆರಳಿಡಿ.

ಎರಡು ಪ್ರಶ್ನೆ ಖಂಡಿತ ಬರುತ್ತವೆ. “ಹಿಂದೆಯೂ ಬರ ಬಂದಿತ್ತಲ್ಲ?” ಬಂದಿತ್ತು, 1876–78ರ ಧಾತು-ಈಶ್ವರ ಸಂವತ್ಸರದ ಬರವನ್ನು ನೀವೇ ಹೆಸರಿಸಿ ಒಪ್ಪಿಕೊಳ್ಳಿ. ಆ ಹಳೆಯ ಕಾರಣಗಳು ಈಗಲೂ ಇವೆ, ಅವುಗಳ ಮೇಲೆ ಈಗ ಕಾವೂ ಸೇರಿದೆ ಎನ್ನಿ. “ಸೂರ್ಯನೇ ಬಿಸಿಯಾಗಿದ್ದರೆ?” ಹಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆಗಿರುವುದು ಉಲ್ಟಾ: ಕೆಳಗೆ ಕಾವು ಏರಿದೆ, ವಾಯುಮಂಡಲದ ಮೇಲುಪದರ ತಣ್ಣಗಾಗಿದೆ.

ವರದಿಗಾರರೊಂದಿಗೆ “ಇನ್ನೂ ಅಧ್ಯಯನ ಬೇಕು” ಎಂದು ಶುರು ಮಾಡಿದರೆ ಮರುದಿನದ ತಲೆಬರಹ “ವಿಜ್ಞಾನಿಗಳಿಗೇ ಗೊತ್ತಿಲ್ಲ”. ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿ, ಗೊತ್ತಿಲ್ಲದ್ದು ಆಮೇಲೆ. ‘ಸಂಭವನೀಯ’ದಂಥ ಪದಗಳಿಗೆ ಸಂಖ್ಯೆ ಕೊಡಿ: ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) ವರದಿಯ ‘ಬಹಳ ಸಂಭವನೀಯ’ ಎಂದರೆ ನೂರಕ್ಕೆ 90 ಅಥವಾ ಹೆಚ್ಚು, ಓದುಗರು ಅದನ್ನು ಇನ್ನೂ ಕಡಿಮೆಯೆಂದೇ ಭಾವಿಸುತ್ತಾರೆ. ಎರಡು ವಾಕ್ಯಗಳನ್ನು ಕನ್ನಡದಲ್ಲೇ ಬರೆದು ಕಳಿಸಿ. ಫೋನಿನಲ್ಲಿ ಹೇಳಿದ್ದು ಅನುವಾದದಲ್ಲಿ ಕೆಡುತ್ತದೆ.

ಕೊನೆಗೆ “ನಾವೇನು ಮಾಡಬೇಕು?” ಎಂದು ಕೇಳಿಯೇ ಕೇಳುತ್ತಾರೆ. ಆಗ ಧ್ರುವಪ್ರದೇಶದ ಹಿಮದ ಕಥೆ ಹೇಳುತ್ತಾ ನಿಲ್ಲಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಯನ್ನು ಜೊತೆಗೇ ಕರೆತನ್ನಿ. ಬಿತ್ತನೆ ತಡವಾದರೆ ದೀರ್ಘಾವಧಿಯ ರಾಗಿ ಬಿಟ್ಟು ಜಿಪಿಯು-48ರಂಥ ಅಲ್ಪಾವಧಿ ತಳಿಗೆ ಯಾವಾಗ ಹೊರಳಬೇಕೆಂದು ಅವರು ಹೇಳಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಎಂಬ ಮಳೆ-ಹವಾಮಾನ ಮಾಹಿತಿಯ ಸಹಾಯವಾಣಿಗೆ ಸಭೆಯಲ್ಲೇ ಒಬ್ಬರಿಂದ ಕರೆ ಮಾಡಿಸಿ, ಸ್ಪೀಕರ್ ಹಾಕಿಸಿ. ಬಟ್ಟೆಯ ಚಿತ್ರವನ್ನು ವಾಪಸ್ ತರಬೇಡಿ, ಪಂಚಾಯಿತಿ ಗೋಡೆಗೆ ಬಿಟ್ಟು ಬನ್ನಿ.